ಕಾಕಾನ ಬಾಯಿಯ ಸೇತುವೆ

ನಮ್ಮ ಕಾಕಾನ ಬಾಯಿಗೆ ಹೆದರದ ಜವಳಿ ವ್ಯಾಪಾರಿ ಸೋಲಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಅವರು ಬಯ್ಯುತ್ತಾರೆಂದಲ್ಲ; ಬಯ್ಯುವುದು ಅವರಿಗೆ ಬರುವುದೇ ಇಲ್ಲ. ಅವರು ಕಚ್ಚುತ್ತಾರೆ! ಗಾಬರಿಯಾಗಬೇಡಿ, ಮನುಷ್ಯರನ್ನಲ್ಲ. ಚಾದರ, ಟವೆಲು, ಧೋತರ, ನಮ್ಮ ಅಂಗಡಿಗೆ ಯಾವ ಮಾಲು ಬಂದರೂ ಕಾಕಾ ಅದರ ಅಂಚಿನಿಂದ ಒಂದು ಎಳೆ ಬಿಡಿಸಿ, ಮುಂದಿನ ಹಲ್ಲುಗಳ ನಡುವೆ ಸಿಕ್ಕಿಸಿ, ಕಣ್ಣು ಮುಚ್ಚಿ, ಕತ್ತನ್ನು ಬಲಕ್ಕೆ ಒಮ್ಮೆ ಝಾಡಿಸುತ್ತಾರೆ. ಎಳೆ ‘ಪುಟ್’ ಎಂದು ಹರಿದರೆ ಶುದ್ಧ ಹತ್ತಿ. ಹರಿಯದೆ ಜಗ್ಗಾಡಿದರೆ ಪಾಲಿಯೆಸ್ಟರ್ ಬೆರಕೆ. ಆಗ ಕಣ್ಣು ತೆರೆದು, ನ್ಯಾಯಾಧೀಶರ ಗತ್ತಿನಲ್ಲಿ, “ಭೇಸಳ ಅದ” ಎನ್ನುತ್ತಾರೆ. ಭೇಸಳ ಎಂದರೆ ಕಲಬೆರಕೆ. ಆ ಮಾತು ಬಿದ್ದ ಮೇಲೆ ವ್ಯಾಪಾರಿ ಗಂಟು ಕಟ್ಟಿಕೊಂಡು ಹೊರಡುವುದೇ. ಮೇಲಿನ ಕೋರ್ಟೇ ಇಲ್ಲ!

“ನೂಲನ್ನ ಸುಟ್ಟು ನೋಡಿದ್ರ ಗೊತ್ತಾಗ್ತದಲ್ಲ ಕಾಕಾ” ಎಂದು ನಾನೊಮ್ಮೆ ಹೇಳಿದ್ದೆ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಮನೆಯಲ್ಲಿ ಆಗಾಗ ಇಂಥ ವಿಜ್ಞಾನ ಹೇಳಿ ಮುಖಭಂಗ ಮಾಡಿಕೊಳ್ಳುವುದು ನನಗೆ ರೂಢಿ.

“ಸುಡೂದು ಹೆಣಾ, ಅವ್ವಿ. ಜೀವಂತ ನೂಲು ಹಲ್ಲಿನ ಕೂಡ ಮಾತಾಡ್ತದ” ಎಂದಿದ್ದರು ಕಾಕಾ.

ನಗುತ್ತ ಬರೆಯಲು ಕುಳಿತಿದ್ದೇನೆ. ಮನೆಯಲ್ಲಿ ಈ ಕಥೆಯನ್ನು ಹೇಳಿ ಹೇಳಿ ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ಕಾಕಾ. ನಾನೂ ನಗುತ್ತೇನೆ. ಆದರೆ ಕುಕ್ಕರು ಸೀಟಿ ಹಾಕುವ ಮೊದಲು ಸಣ್ಣಗೆ ‘ಸುಂಯ್’ ಎನ್ನುತ್ತದಲ್ಲ, ಆ ಸದ್ದು ಕೇಳಿದರೆ ನಾನು ಈಗಲೂ ಓಡಿ ಹೋಗಿ ಒಲೆ ಆರಿಸುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿ.

ಇಷ್ಟು ವರ್ಷ ನೂಲು ಜಗ್ಗಿದ ಹಲ್ಲುಗಳು ಎಷ್ಟೆಂದು ತಾಳಿಯಾವು? ಮೇಲಿನ ಸಾಲಿನ ನಟ್ಟನಡುವಿನ ಎರಡು ಹಲ್ಲುಗಳು ಮೊದಲು ಅಲುಗಾಡಿದವು, ಆಮೇಲೆ ಒಂದರ ಹಿಂದೊಂದು ಉದುರಿದವು. ಎರಡನೆಯದು ಬಿದ್ದದ್ದು ಒಂದು ಧೋತರದ ಅಂಚಿನಲ್ಲಿ. ಅದನ್ನು ತಂದ ವ್ಯಾಪಾರಿ ಹಲ್ಲನ್ನು ಆರಿಸಿಕೊಟ್ಟು, “ಶೇಟಜಿ, ಮಾಲು ಮಜಬೂತ್ ಅದ ಅಂತ ಈಗರ ಒಪ್ಪತೀರಿಲ್ಲೋ?” ಎಂದನಂತೆ!

ಹಲ್ಲುಗಳ ಜೊತೆಗೆ ಕಾಕಾನ ‘ಸ’ಕಾರವೂ ಹೋಯಿತು. “ಭೇಸಳ ಅದ” ಎಂದರೆ “ಭೇಹಳ ಅದ” ಎಂದು ಕೇಳಿಸತೊಡಗಿತು. ಚಾಲಾಕಿ ವ್ಯಾಪಾರಿಗಳು ಬಿಡುತ್ತಾರೆಯೇ? “ಬಹಳ ಅದ ಅಂದ್ರ್ಯಾ? ಹೌದ್ರಿ ಶೇಟಜಿ, ಮಾಲು ಬಹಳ ಅದ. ಎಷ್ಟು ಗಂಟು ಇಳಸ್ಲಿ?” ಎನ್ನತೊಡಗಿದರು. ಕಾಕಾ ದವಡೆಯ ಹಲ್ಲಿನಲ್ಲಿ ನೂಲು ಪರೀಕ್ಷಿಸಲು ನೋಡಿದರು. ಬಾಯಿ ಓರೆ ಮಾಡಿಕೊಂಡು ಎಳೆ ಜಗಿಯುವ ಅವರನ್ನು ನೋಡಿ ಗಿರಾಕಿಗಳು, ಶೇಟಜಿಗೆ ಲಕ್ವಾ ಹೊಡೆದಿದೆ ಎಂದು ಸುದ್ದಿ ಹಬ್ಬಿಸಿದರು. ಕೊನೆಗೆ ಕಾಕಿಯ ಹಲ್ಲುಗಳನ್ನು ಎರವಲು ಪಡೆಯುವ ಯೋಚನೆ ಮಾಡಿದರು.

“ಒಂದು ಎಳಿ ಕಚ್ಚಿ ನೋಡು. ಹೆಂಗದ ಹೇಳು.”

ಕಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಳೆಯನ್ನು ಕಚ್ಚಿದರು, ಸ್ವಲ್ಪ ಚಪ್ಪರಿಸಿದರು, “ಉಪ್ಪು ಕಡಿಮಿ ಅದ” ಎಂದರು.

ಹೀಗೆ ಕಾಕಾ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಂದು ಕುಳಿತದ್ದು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮನೆಮಾತು ಮರಾಠಿ. ಆದರೆ ಕನ್ನಡದ ಪೇಶಂಟುಗಳ ಜೊತೆ ಕನ್ನಡದಲ್ಲೇ ಮಾತಾಡಬೇಕೆಂಬ ಹಟ. ಆಕೆಯ ಕನ್ನಡ ಹೊಸದಾಗಿ ಸೈಕಲ್ ಕಲಿತವರಂತೆ ಓಡುತ್ತಿತ್ತು: ಎಲ್ಲಿಯೂ ಬೀಳುತ್ತಿರಲಿಲ್ಲ, ಎಲ್ಲೆಂದರಲ್ಲಿ ಮರಾಠಿಯ ಗೋಡೆ ಹಿಡಿಯುತ್ತಿತ್ತು. ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಬೇಕೋ, ಕೂತುಬಿಡುವ ಬ್ರಿಜ್ ಬೇಕೋ ಎಂದು ಕೇಳಿದರು.

“ಹಾಕಿ ತೆಗಿಯೂದು ಬ್ಯಾಡ್ರಿ. ಮಲಗೂ ಮುಂದ ನೀರಿನ ವಾಟಿಯಾಗ ಇಡೂದು! ನಾ ಒಂದು ಕಡೆ, ನನ್ನ ನಗಿ ಒಂದು ಕಡೆ. ಅದೆಲ್ಲಾ ಬ್ಯಾಡ.”

“ಹಾಂಗಾದ್ರ ಬ್ರಿಜ್ ಛಲೋ, ಕಾಕಾ. ಬಾಜೂದು ಎರಡು ಹಲ್ಲು ಘಾಸುತೀನಿ. ಅದು ಖಂಬ. ನಡಕ ಪೂಲ.” ಪಕ್ಕದ ಎರಡು ಹಲ್ಲುಗಳನ್ನು ಸವೆಸಿ ಕಂಬ ಮಾಡಿಕೊಂಡು ನಡುವೆ ಸೇತುವೆ ಕಟ್ಟುವುದು ಎಂದರ್ಥ.

ಕಾಕಾ ಗಂಭೀರವಾಗಿ, “ಟೋಲ್ ನಾಕಾ ಎಲ್ಲಿ ಇಡತೀರಿ?” ಎಂದರು.

“ನಾಲಿಗಿ ಮ್ಯಾಲ ಇಡ್ರಿ, ಡಾಕ್ಟರ” ಎಂದರು ಕಾಕಿ. “ಮಾತಿಗಿಷ್ಟು ಅಂತ ವಸೂಲಿ ಮಾಡ್ರಿ. ಹೊಸಾ ಆಸ್ಪತ್ರಿ ಕಟ್ಟಬಹುದು ನೀವು.”

ಎರಡನೆಯ ಭೇಟಿಯಲ್ಲಿ ಅಕ್ಕಪಕ್ಕದ ಹಲ್ಲು ಸವೆಸಿದರು, ಅಚ್ಚು ತೆಗೆದರು. ನಾನು ಅಷ್ಟೂ ಹೊತ್ತು ಒಳಗೇ ಇದ್ದೆ. ಕೊನೆಯ ಗಳಿಗೆಯಲ್ಲಿ ಕಾಲೇಜಿನಿಂದ ಫೋನು ಬಂತೆಂದು ಹೊರಗೆ ಹೋದೆ. ಆ ಫೋನು ಯಾಕಾದರೂ ಬಂತೋ! ಮಾತು ಮುಗಿಸುವಷ್ಟರಲ್ಲಿ ಕಾಕಾ ಹೊರಗೆ ಬಂದಿದ್ದರು. ಜೋಮು ಹಿಡಿದ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದರು. ನಾಲ್ಕು ಹಲ್ಲುಗಳ ಬೆಳ್ಳನೆಯ ಸಾಲು ಆಗಲೇ ಕೂತಿತ್ತು.

“ಇವತ್ತ ಕೂಡಿಸಿಬಿಟ್ರ?”

“ಕೂಡಿಸಿದ್ರು. ಇದು ಕಚ್ಚಾಕ ಅದ ಅಂದ್ರು. ಎಂಟು ದಿನ ಬಿಟ್ಟು ಇನ್ನೊಂದು ಬರ್ತದಂತ. ಥಳಥಳ ಅಂತದಂತ. ಅದು ಲಗ್ನಾ, ಕಾರ್ಯಾಕ್ಕ.”

ಕಚ್ಚುವುದಕ್ಕೆ ಒಂದು, ಮದುವೆ ಮುಂಜಿಗೆ ಒಂದು! ವಿಚಿತ್ರ ಅನ್ನಿಸಿತು. ಆದರೆ ದಿನಬಳಕೆಗೊಂದು ಸೀರೆ, ಹಬ್ಬಕ್ಕೊಂದು ಸೀರೆ ಇರುವ ಹಾಗೆ ಹಲ್ಲಿನಲ್ಲೂ ಹೊಸ ಪದ್ಧತಿ ಬಂದಿರಬೇಕು ಎಂದುಕೊಂಡೆ. ಕಾಕಾ ಅಂದಿನಿಂದಲೇ ವೈದ್ಯರ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದರು. ಕಡಕ್ ಭಾಕ್ರಿ ಕಚ್ಚಿದರು. ನಮ್ಮ ಕಡಕ್ ಭಾಕ್ರಿ ಕಂಡವರಿಗೆ ಗೊತ್ತು, ಅದು ಜೋಳದ ರೊಟ್ಟಿಯಲ್ಲ, ಜೋಳದ ಹಂಚು! ಕಬ್ಬು ಸುಲಿದರು. ಬೇಕಿಲ್ಲದಿದ್ದರೂ ಅಂಗಡಿಯ ಹಳೆ ಚಾದರಗಳನ್ನೆಲ್ಲ ತೆಗೆಸಿ ಎಳೆ ಕಚ್ಚಿದರು. ಅಷ್ಟಕ್ಕೂ ಆ ಬ್ರಿಜ್ ಜಗ್ಗಲಿಲ್ಲ. ಜಗ್ಗಿದ್ದರೆ ಚೆನ್ನಾಗಿತ್ತು. ಮನೆಯಲ್ಲೇ, ತಾಟಿನಲ್ಲೇ ಬೀಳುತ್ತಿತ್ತು.

ಬಿದ್ದದ್ದು ಅಕ್ಕಲಕೋಟದಲ್ಲಿ. ಕಾಕಾನ ಮಗಳನ್ನು ಕೊಟ್ಟ ಮನೆ ಅಲ್ಲಿದೆ. ಬೀಗರದೂ ಬಟ್ಟೆಯ ವ್ಯಾಪಾರವೇ. ಮನೆಯ ಮುಂಭಾಗದಲ್ಲೇ ಅಂಗಡಿ. ಇಬ್ಬರೂ ಸೇರಿದರೆಂದರೆ ಮಾತಿನ ಕುಸ್ತಿ. ಆ ಭಾನುವಾರ ಕಾಕಾ, ಕಾಕಿಯನ್ನು ಕಾರಿನಲ್ಲಿ ಕರೆದೊಯ್ದವಳು ನಾನು. ಚಹಾ ಆದ ಮೇಲೆ ಬೀಗರು ಅಂಗಡಿಯ ಗಾದಿಯ ಮೇಲೆ ಒಂದು ಹೊಸ ಟವೆಲು ಹರವಿದರು.

“ನೋಡ್ರಿ ಬೀಗ್ರ, ಎಂಐಡಿಸಿ ಕಾರಖಾನಿ ಮಾಲು. ನೂರಕ್ಕ ನೂರು ಹತ್ತಿ. ಈಗರ ನಿಮಗ ಹಲ್ಲು ಬಂದಾವಲ್ಲ, ನೋಡಿ ಹೇಳ್ರಿ.”

“ಹಲ್ಲು ಬಂದಾವ ಅಂದ್ರ? ನಾ ಏನು ಕೂಸು ಏನ್ರಿ?”

“ಕೂಸಿಗೂ ಇಷ್ಟು ಸಡಗರ ಮಾಡಂಗಿಲ್ಲ ಬಿಡ್ರಿ!”

ಕಾಕಾ ಎಳೆ ಬಿಡಿಸಿದರು. ಹಲ್ಲಿಗೆ ಸಿಕ್ಕಿಸಿದರು. ಕಣ್ಣು ಮುಚ್ಚಿದರು. ಕತ್ತನ್ನು ಬಲಕ್ಕೆ ಝಾಡಿಸಿದರು. ಎಳೆ ಹರಿಯಲಿಲ್ಲ. ಹತ್ತಿಯಾಗಿದ್ದರೆ ಹರಿಯುತ್ತಿತ್ತು; ಪಾಲಿಯೆಸ್ಟರ್ ಆದ್ದರಿಂದ ಹರಿಯಲಿಲ್ಲ. ಆದರೆ ಅಷ್ಟು ಜೋರಾಗಿ ಜಗ್ಗಿದ ಮೇಲೆ ಏನಾದರೊಂದು ಮುರಿಯಲೇಬೇಕಲ್ಲ? ‘ಟಕ್’ ಎಂದಿತು. ಕಾಕಾಗೆ ಅದು ಕೇಳಿಸಲಿಲ್ಲ, ಅವರು ಗೆದ್ದ ಖುಷಿಯಲ್ಲಿದ್ದರು. ತೀರ್ಪು ಕೊಡಲೆಂದು ಎದೆ ತುಂಬ ಉಸಿರು ಎಳೆದುಕೊಂಡರು. “ಭೇ” ಎಂದರು.

ಅಲ್ಲಿಗೆ ನಿಂತಿತು.

ಕೆಮ್ಮಲಿಲ್ಲ. ಕೂಗಲಿಲ್ಲ. ಬಾಯಿ ತೆರೆದೇ ಇತ್ತು. ಒಳಗೂ ಏನೂ ಹೋಗುತ್ತಿರಲಿಲ್ಲ, ಹೊರಗೂ ಏನೂ ಬರುತ್ತಿರಲಿಲ್ಲ. ಎರಡೂ ಕೈ ಕೊರಳಿಗೆ ಹೋದವು. ಬೀಗರು ಇನ್ನೂ ನಗುತ್ತಿದ್ದರು: “ಏನು ನಾಟಕಾ ಮಾಡ್ತೀರಿ ಬೀಗ್ರ, ಸೋತಿದ್ದು ಒಪ್ಪರಿ!” ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು ಈ ಗಳಿಗೆ. ಜೀವಮಾನವೆಲ್ಲ ಜನರನ್ನು ನಗಿಸಿದ ಮನುಷ್ಯ ಉಸಿರು ಕಟ್ಟಿ ಸಾಯುತ್ತಿದ್ದರೆ, ಜನ ನಗುತ್ತಿದ್ದರು.

ಕಾಲೇಜಿನ ಹಲಗೆಯ ಮೇಲೆ ನಾನು ಎಷ್ಟು ಸಲ ಗಂಟಲಿನ ಚಿತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಅನ್ನನಾಳಕ್ಕೆ ಕೆಂಪು ಸೀಮೆಸುಣ್ಣ, ಶ್ವಾಸನಾಳಕ್ಕೆ ನೀಲಿ. ಕಾಕಾನ ತುಟಿ ಆ ನೀಲಿಗೆ ತಿರುಗುತ್ತಿತ್ತು.

ಎದ್ದು ಹಾರಿ, ಅವರನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಗುದ್ದಿದೆ. ಹಿರಿಯರ ಬೆನ್ನಿಗೆ ಹಾಗೆ ಹೊಡೆಯುವುದುಂಟೇ! ಹೊಡೆದೆ. ಮತ್ತೆ ಹೊಡೆದೆ. ಕಾಕಿ ಅವರ ಮುಖದ ಕೆಳಗೆ ಸೆರಗು ಒಡ್ಡಿಕೊಂಡು, “ಉಗುಳ್ರಿ! ಉಗುಳ್ರೀ ಅಂದ್ರ!” ಎಂದು ಚೀರುತ್ತಿದ್ದರು. ಆಮೇಲೆ ಬಟ್ಟೆ ಹರಿದಂಥ ಒಂದು ಸದ್ದು ಬಂತು. ಕೆಮ್ಮು ಬಂತು. ಉಸಿರು ಬಂತು. ಗಾದಿಯ ಮೇಲೆ ಎಲ್ಲರೂ ಕುಸಿದು ಕುಳಿತೆವು.

ಬೀಗರು ನೀರು ತರಲು ಓಡಿದರು. ಕಾಕಿ ಟವೆಲನ್ನು ಎತ್ತಿ ಕೊಡವಿದರು. ಮುರಿದ ಬ್ರಿಜ್‌ನ ಒಂದು ತುಂಡು ಉದುರಿತು. ಎರಡು ಹಲ್ಲು.

“ಇನ್ನೆರಡು?” ಎಂದರು ಕಾಕಿ.

ಗಾದಿ ಎತ್ತಿದೆವು, ಮಡಿಕೆಗಳನ್ನು ಬಿಚ್ಚಿದೆವು, ಕಾಕಾನ ಬಾಯಿ ತೆರೆಸಿ ಮೊಬೈಲಿನ ಬೆಳಕು ಬಿಟ್ಟು ನೋಡಿದೆವು. ಆಗ ಎಲ್ಲರೂ ಸುಮ್ಮನಾದ ಹೊತ್ತಿನಲ್ಲಿ ಅದು ಕೇಳಿಸಿತು. ಕಾಕಾ ಉಸಿರು ಎಳೆದಾಗ ಒಮ್ಮೆ, ಬಿಟ್ಟಾಗ ಒಮ್ಮೆ, ಎದೆಯ ಆಳದಿಂದ: ಸುಂಯ್.

ಅಲ್ಲಿನ ಡಾಕ್ಟರನ್ನು ಕರೆಸಿದೆವು. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ನೀರಿನ ಲೋಟವನ್ನು ಬೀಗರ ಕೈಯಿಂದ ಕಸಿದುಕೊಂಡರು. ಹಲ್ಲು ಹೊಟ್ಟೆಗೆ ಹೋಗಿಲ್ಲ, ಬಲಗಡೆಯ ಶ್ವಾಸಕೋಶದ ದಾರಿಯಲ್ಲಿ ಕೂತಿದೆ ಎಂದರು. ಗಂಟಲಿನೊಳಗೆ ದುರ್ಬೀನಿನ ಕೊಳವೆ ಇಳಿಸಿ ತೆಗೆಯಬೇಕು, ಅದು ಸೋಲಾಪುರದಲ್ಲೇ ಆಗಬೇಕು. ಅಂಬುಲೆನ್ಸ್ ಬೇರೆ ಕಡೆ ಹೋಗಿದೆ, ಕಾಯಬೇಡಿ. ನೀರು ಕೊಡಬೇಡಿ, ಮಲಗಿಸಬೇಡಿ, ಇನ್ನು ಬೆನ್ನಿಗೆ ಹೊಡೆಯಬೇಡಿ. ಇದ್ದಲ್ಲಿಂದ ಸರಿದು ದೊಡ್ಡ ದಾರಿಗೆ ಅಡ್ಡ ನಿಂತರೆ ಕಷ್ಟ ಎಂದರು. ‘ಕಷ್ಟ’ ಎಂಬ ಮಾತನ್ನು ನನ್ನ ಮುಖ ನೋಡದೆ ಹೇಳಿದರು.

ಅಕ್ಕಲಕೋಟದಿಂದ ಸೋಲಾಪುರದ ರಸ್ತೆಯಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ. ಆದರೆ ಆ ರಸ್ತೆಯಲ್ಲಿ ಅಷ್ಟು ಹೊಂಡಗಳಿವೆಯೆಂದು ಗೊತ್ತಾದದ್ದು ಆವತ್ತು. ಒಂದೊಂದು ಹೊಂಡಕ್ಕೂ ಆ ಎರಡು ಹಲ್ಲುಗಳು ಎತ್ತ ಸರಿದವೋ ಎಂದು ಕಾಕಾನ ಕಡೆ ತಿರುಗಿ ನೋಡುತ್ತಿದ್ದೆ. ಜೋರಾಗಿ ಓಡಿಸಿದರೆ ಹೊಂಡದ ಭಯ, ನಿಧಾನ ಮಾಡಿದರೆ ಹೊತ್ತಿನ ಭಯ. ಪಕ್ಕದ ಸೀಟಿನಲ್ಲಿ ಕಾಕಾ ನೆಟ್ಟಗೆ, ಫೋಟೋಕ್ಕೆ ಕುಳಿತವರಂತೆ ಕುಳಿತಿದ್ದರು. ಮಾತಾಡಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಮಾತಾಡದ ಕಾಕಾನನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. ಕಾರಿನ ತುಂಬ ಆ ‘ಸುಂಯ್’ ಒಂದೇ.

ಹಿಂದಿನ ಸೀಟಿನಿಂದ ಕಾಕಿ ಬಯ್ಯುತ್ತಲೇ ಇದ್ದರು. “ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ಊರ ಮಂದಿ ನೂಲು ಸುಟ್ಟು ನೋಡ್ತಾರ, ಇವರು ತಮ್ಮನ್ನ ತಾವು ಸುಟಗೊಂಡು ನೋಡ್ತಾರ...”

ಸೋಲಾಪುರದ ಹೊರಗಿನ ಊರು ಕುಂಭಾರಿ ಹತ್ತಿರ ಬಂದಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು.

ನಾನು ಕಾರನ್ನು ಹೇಗೆ ಬದಿಗೆ ತಂದೆನೋ ತಿಳಿಯದು. ಹಿಂದಿನ ಟ್ರಕ್ಕಿನವನು ಹಾರ್ನ್ ಬಾರಿಸಿ ಬಯ್ದು ಹೋದ. ನೋಡಿದರೆ ಕಾಕಾ ಕೆನ್ನೆ ಉಬ್ಬಿಸಿಕೊಂಡು ಕುಳಿತಿದ್ದಾರೆ. ಮರುಗಳಿಗೆಯಲ್ಲಿ ಉಸಿರು ಬಿಟ್ಟರು: ಸುಂಯ್!

“ಯಾಕ ನಿಂತಿ?” ಎಂದು ಪಿಸುಗುಟ್ಟಿದರು.

“ಸೀಟಿ ನಿಂತಿತ್ತು, ಕಾಕಾ!”

“ನಾ ದಮ್ಮು ಹಿಡದ್ರ ಅದೂ ನಿಲ್ತದೋ ಇಲ್ಲೋ, ಪರೀಕ್ಷಾ ಮಾಡಾಕತ್ತಿದ್ದೆ. ನಿಲ್ತದ.”

ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಕಾರನ್ನು ಮತ್ತೆ ರಸ್ತೆಗೆ ಇಳಿಸಿದೆ.

ಆಸ್ಪತ್ರೆಯ ಬಾಗಿಲಲ್ಲಿ ಕಾಕಿ ಎಲ್ಲರಿಗಿಂತ ಮುಂದೆ ಓಡಿ, ಮೇಜಿನ ಹುಡುಗಿಯ ಮುಂದೆ, “ಲಗೂ ಬರ್ರಿ, ಬ್ರಿಜ್ ಮುರದದ, ಒಳಗ ಸಿಕ್ಕದ!” ಎಂದರು.

ಹುಡುಗಿ ಗಾಬರಿಯಿಂದ ಎದ್ದು ನಿಂತಳು. “ಕುಠಲಾ ಪೂಲ? ಯಾವ ಬ್ರಿಜ್ರಿ ಆಯಿ? ಎಷ್ಟು ಮಂದಿ ಸಿಕ್ಕಾರ?”

“ಮ್ಯಾಲಿನ ಬ್ರಿಜ್. ಎರಡು ಸಿಕ್ಕಾವ, ಎರಡು ಉಳದಾವ.”

ಆಕೆ ಫೋನಿಗೆ ಕೈ ಹಾಕಿದ್ದಳು; ಇನ್ನೊಂದು ಗಳಿಗೆ ತಡವಾಗಿದ್ದರೆ ಊರಿನ ಅಂಬುಲೆನ್ಸ್‌ಗಳೆಲ್ಲ ಯಾವುದೋ ಮೇಲ್ಸೇತುವೆಯತ್ತ ಓಡುತ್ತಿದ್ದವು! ನಾನು ಕಾಕಾನನ್ನು ಮುಂದೆ ನಿಲ್ಲಿಸಿ, “ಇವರ ಬಾಯಿಯ ಬ್ರಿಜ್” ಎಂದೆ. ಕಾಕಾ ಸಾಕ್ಷಿಗೆಂಬಂತೆ ‘ಸುಂಯ್’ ಎಂದರು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. “ಏನೂ ಇಲ್ಲಂತ, ನಡೀರಿ ಮನಿಗೆ” ಎಂದು ಕಾಕಾ ಎದ್ದೇಬಿಟ್ಟರು. ಡಾಕ್ಟರು ಅವರನ್ನು ಕೂರಿಸಿದರು. ಹಲ್ಲು ಪ್ಲಾಸ್ಟಿಕ್ಕಿನದು, ಎಕ್ಸ್‌ರೇಗೆ ಕಾಣುವುದಿಲ್ಲ, ಅದೇ ಹೆಚ್ಚಿನ ತೊಂದರೆ ಎಂದರು. ತೆಗೆಯುವಾಗ ಜಾರಿದರೆ ಏನಾದೀತೆಂಬುದನ್ನೂ ಮುಚ್ಚಿಡದೆ ಹೇಳಿದರು. ಕಾಕಾ ಒಳಗೆ ಹೋಗುವ ಮುನ್ನ ಕಾಕಿಯನ್ನು ಹತ್ತಿರ ಕರೆದರು. ಏನೋ ಕೊನೆಯ ಮಾತಿರಬಹುದೆಂದು ನಾನು ಮುಖ ತಿರುಗಿಸಿಕೊಂಡೆ.

“ಬೀಗರಿಗೆ ಫೋನ್ ಮಾಡು. ಭೇಹಳ ಅದ ಅಂತ ಹೇಳು.”

“ಒಳಗ ನಡೀರಿ ಮೊದ್ಲ!” ಎಂದರು ಕಾಕಿ.

ಬಾಗಿಲು ಮುಚ್ಚಿತು. ಅಕ್ಕಲಕೋಟದಿಂದ ಒಂದೇ ಸಮ ಬಯ್ಯುತ್ತ ಬಂದಿದ್ದ ಕಾಕಿ ಒಮ್ಮೆಲೇ ಸುಮ್ಮನಾದರು. ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ಆಮೇಲೆ ಕೇಳಿದರು:

“ನೀ ಇದನ್ನೆಲ್ಲಾ ಕಲಸ್ತಿ ಅಲ್ಲ. ಒಂದ ಫುಪ್ಪುಸದ ಮ್ಯಾಲ ಮನಶ್ಯಾ ಬದಕ್ತಾನೇನವಾ?”

“ಬದಕ್ತಾರ ಕಾಕಿ. ಎಷ್ಟೋ ಮಂದಿ ಅದಾರ.”

“ಮಾತಾಡ್ತಾರ?”

“ಮಾತೂ ಆಡ್ತಾರ.”

“ಹಾಂಗಾದ್ರ ಆತು” ಎಂದರು. ಆಮೇಲೆ ಅವರ ತಲೆ ನನ್ನ ಹೆಗಲಿಗೆ ಬಂತು. ನಾನು ಹೇಳಿದ್ದು ಪುಸ್ತಕದ ಮಾತು. ಆ ಬಾಗಿಲ ಹಿಂದೆ ಏನು ನಡೆಯುತ್ತಿತ್ತೋ ನನಗೂ ಗೊತ್ತಿರಲಿಲ್ಲ. ಒಳಗೆ ಏನಾದರೂ ಸದ್ದಾದರೆ ಹೆದರುತ್ತಿದ್ದೆ, ಸದ್ದಾಗದಿದ್ದರೆ ಇನ್ನೂ ಹೆದರುತ್ತಿದ್ದೆ.

ಡಾಕ್ಟರು ಹೊರಗೆ ಬಂದಾಗ ಅವರ ಕೈಯಲ್ಲಿ ಪುಟ್ಟ ಸ್ಟೀಲಿನ ತಟ್ಟೆಯಿತ್ತು. ಅದರಲ್ಲಿ ಎರಡು ಹಲ್ಲು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಎಳೆ. “ಈ ದಾರ ಎಲ್ಲಿಂದ ಬಂತು?” ಎಂದು ಅವರು ಅಚ್ಚರಿಪಟ್ಟರು. ಎಚ್ಚರವಾದ ಮೇಲೆ ಕಾಕಾ ಆ ತಟ್ಟೆಯನ್ನು ತರಿಸಿಕೊಂಡು, ಎಳೆಯನ್ನು ಬೆಳಕಿಗೆ ಹಿಡಿದು, ಗೊಗ್ಗರು ದನಿಯಲ್ಲಿ ಹೇಳಿದ ಮೊದಲ ಮಾತು: “ನೋಡು, ಇನ್ನೂ ಹರದಿಲ್ಲ!”

ಹಲ್ಲಿನ ಡಾಕ್ಟರ ಹತ್ತಿರ ನಾನು ಕಾಕಾನನ್ನು ಕರೆದುಕೊಂಡು ಜಗಳಕ್ಕೆಂದೇ ಹೋದೆ. “ಕಚ್ಚೋದಕ್ಕೆ ಅಂತ ಯಾಕೆ ಹೇಳಿದಿರಿ?” ಎಂದೆ. ಆಕೆ ಕಣ್ಣು ಬಿಟ್ಟರು. “ನಾನು? ನಾನು ‘ಇದು ಕಚ್ಚಾ ಅದ’ ಹೇಳಿದೆ!”

ಕಚ್ಚಾ! ಕಚ್ಚಾ ರಸ್ತೆ, ಕಚ್ಚಾ ಮಾಲು ಎನ್ನುವ ಕಚ್ಚಾ! ಪಕ್ಕಾ ಹಲ್ಲು ಬರುವತನಕದ ತಾತ್ಕಾಲಿಕ ವ್ಯವಸ್ಥೆ, ಜೋಪಾನ ಎಂದು ಆಕೆ ಹೇಳಿದ್ದು. ‘ಕಚ್ಚಾಕ ಅದ’ ಎಂದು ಕಾಕಾ ಕೇಳಿಸಿಕೊಂಡದ್ದು. ನಡುವೆ ಇದ್ದದ್ದು ಒಂದು ‘ಕ’ಕಾರ. ಅದರಿಂದ ಒಂದು ಜೀವ ಹೋಗುವುದಿತ್ತು.

ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಇನ್ನು ಮೇಲೆ ಕನ್ನಡ ಮಾತಾಡುವುದೇ ಇಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಕಾಕಾ ತಡೆದರು. “ಹಾಂಗ ಮಾಡಬ್ಯಾಡ್ರಿ ಡಾಕ್ಟರ. ನಿಮ್ಮ ಕನ್ನಡ ಬರೋಬ್ಬರಿ ಅದ. ನನ್ನ ಕಿವಿನ ಕಚ್ಚಾ ಅವ.”

ಪಕ್ಕಾ ಬ್ರಿಜ್ ಕೂತು ಈಗ ಬಹಳ ದಿನಗಳಾದವು. ‘ಸ’ಕಾರ ಮರಳಿ ಬಂದಿದೆ. ಅಂಗಡಿಯಲ್ಲಿ ಕಾಕಾ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಮುಖ ಸಿಂಡರಿಸಿಕೊಂಡು ಎಳೆ ಸುಡುತ್ತಾರೆ. ಎಲ್ಲವೂ ಸರಿಯಾಯಿತು, ನನ್ನೊಬ್ಬಳನ್ನು ಬಿಟ್ಟು. ಅವರು ಬಾಯಿಗೆ ತುತ್ತಿಟ್ಟರೆ ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಅವರ ಪಂಕ್ತಿಯಲ್ಲಿ ಕೂರಲಾರದೆ ಏನಾದರೂ ನೆವ ಹೇಳಿ ಎದ್ದು ಹೋಗುತ್ತಿದ್ದೆ. ಕಾಲೇಜಿಗೆ ಹೋದರೂ ಊಟದ ಹೊತ್ತಿಗೆ, ಈಗ ಅವರು ಉಣ್ಣುತ್ತಿರಬಹುದು ಎಂದು ನೆನಪಾಗಿ, ತಂದ ಡಬ್ಬಿಯನ್ನು ಹಾಗೇ ಮನೆಗೆ ಒಯ್ಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಯಾರೂ ಗಮನಿಸಿಲ್ಲ ಎಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಕಾಕಾನ ವಿಡಿಯೋ ಕಾಲ್ ಬಂತು. ತಟ್ಟನೆ ಎತ್ತಿದೆ. ಪರದೆಯ ತುಂಬ ಒಂದು ಬಾಯಿ! ‘ಆ’ ಎಂದು ಅಗಲವಾಗಿ ತೆರೆದ ಬಾಯಿ. ಹಲ್ಲು, ನಾಲಿಗೆ, ಕಿರುನಾಲಿಗೆ, ಅದರ ಹಿಂದಿನ ಕತ್ತಲು. ಪಕ್ಕದಲ್ಲಿದ್ದ ಮೇಡಮ್ ಚೀರಿಯೇಬಿಟ್ಟರು. ಆಮೇಲೆ ಬಾಯಿ ಹಿಂದೆ ಸರಿದು ಮುಖವಾಯಿತು.

“ಉಂಡೆ, ಯವ್ವಾ. ನೋಡಿದ್ಯಲ್ಲ? ಎಲ್ಲಾ ಕೆಳಗ ಇಳದದ. ಇನ್ನ ನೀ ಡಬ್ಬಿ ಬಿಚ್ಚು.”

ಈಗ ದಿನವೂ ಅದೇ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಗುತ್ತಾರೆ: “ಬಂತು ನೋಡ್ರಿ, ಮೇಡಮ್ ಅವರ ಕಾಕಾನ ಗಂಟಲು!” ಕಾಕಾಗೆ ಫೋನನ್ನು ಎಷ್ಟು ದೂರ ಹಿಡಿಯಬೇಕೆಂಬುದು ಇನ್ನೂ ತಿಳಿದಿಲ್ಲ. ಬಾಯಿಗೆ ತೀರ ಹತ್ತಿರ ಹಿಡಿಯುತ್ತಾರೆ. ಅವರ ಉಸಿರು ತಾಗಿ ಕ್ಯಾಮೆರಾ ಮಸುಕಾಗುತ್ತದೆ. ಸ್ವಲ್ಪ ಹೊತ್ತು ಹಲ್ಲೂ ಇಲ್ಲ, ಬಾಯಿಯೂ ಇಲ್ಲ, ಪರದೆಯ ತುಂಬ ಬೆಳ್ಳನೆಯ ಮಂಜು. ಅದು ಕರಗಿ, ಅವರ ಇನ್ನೊಂದು ಉಸಿರಿಗೆ ಮತ್ತೆ ಮೂಡುವುದನ್ನು ಒಮ್ಮೆ ನೋಡುತ್ತೇನೆ. ಆಮೇಲೆ ಉಣ್ಣುತ್ತೇನೆ.